ವಸಡಿನ ಊತಕ್ಕೆ ಮಾತ್ರೆ ಬರೆಯುವುದನ್ನು ನಾನು ಬಿಟ್ಟ ಬಗೆ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಕ್ಲಿನಿಕ್ ತೆರೆದ ಮೊದಲ ವರ್ಷಗಳಲ್ಲಿ, ವಸಡು ಊದಿ ಕೀವು ಬರುತ್ತಿದೆ ಎಂದು ಬಂದವರಿಗೆ ನಾನು ಅಮಾಕ್ಸಿಸಿಲಿನ್ ಮತ್ತು ಮೆಟ್ರೊನಿಡಜೋಲ್ ಎಂಬ ಆಂಟಿಬಯಾಟಿಕ್ ಮಾತ್ರೆಗಳನ್ನು ಐದು ದಿನಕ್ಕೆ ಬರೆದುಕೊಟ್ಟು, ಊತ ಇಳಿದ ಮೇಲೆ ಹಲ್ಲು ಕ್ಲೀನ್ ಮಾಡಿಸಿಕೊಳ್ಳಲು ಬನ್ನಿ ಎಂದು ಹೇಳಿ ಕಳುಹಿಸುತ್ತಿದ್ದೆ. ಊತ ಇಳಿಯುತ್ತಿತ್ತು, ಅವರು ಬರುತ್ತಿರಲಿಲ್ಲ. ಆರೇಳು ತಿಂಗಳು ಕಳೆದ ಮೇಲೆ ಅದೇ ಹಲ್ಲಿನ ಬುಡದಲ್ಲಿ ಅದೇ ಊತ, ಹಲ್ಲು ಮಾತ್ರ ಇನ್ನಷ್ಟು ಸಡಿಲ. "ಹೋದ ಸಲದ ಮಾತ್ರೆಯನ್ನೇ ಕೊಡಿ ಡಾಕ್ಟರಮ್ಮ, ಅದು ಚೆನ್ನಾಗಿ ಹಿಡಿದಿತ್ತು" ಎನ್ನುತ್ತಿದ್ದರು. ಈ ರೂಢಿಯನ್ನು ಅವರಿಗೆ ಕಲಿಸಿದವಳು ನಾನೇ.

ಹಲ್ಲು ಮತ್ತು ವಸಡು ಸೇರುವ ಅಂಚಿನಲ್ಲಿ ಕಟ್ಟುವ ಬಿಳಿಯ ಅಂಟು ಪದರ ತಿಂದ ಅನ್ನದ ಚೂರಲ್ಲ; ನೂರಾರು ಬಗೆಯ ಬ್ಯಾಕ್ಟೀರಿಯಾಗಳು ತಾವೇ ಸ್ರವಿಸಿದ ಅಂಟಿನೊಳಗೆ ಒತ್ತೊತ್ತಾಗಿ ಹೂಡಿದ ವಸತಿ ಅದು. ರಕ್ತದ ಮೂಲಕ ಬರುವ ಔಷಧ ಆ ಅಂಟನ್ನು ದಾಟಿ ಒಳಗಿನವುಗಳನ್ನು ಮುಟ್ಟುವುದು ಕಷ್ಟ, ಆದರೆ ಬ್ರಷ್ಷಿನ ಎಳೆ ಅದನ್ನು ಕ್ಷಣದಲ್ಲಿ ಚದುರಿಸುತ್ತದೆ. 1965ರಲ್ಲಿ ಡೆನ್ಮಾರ್ಕಿನಲ್ಲಿ ದಂತ ಸಂಶೋಧಕ ಹರಾಲ್ಡ್ ಲೋ ಮತ್ತು ಸಂಗಡಿಗರು, ವಸಡು ಆರೋಗ್ಯವಾಗಿದ್ದ 12 ಮಂದಿ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸುವಂತೆ ಮಾಡಿದಾಗ, 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಉರಿಯೂತಕ್ಕೆ ಒಳಗಾಯಿತು; ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಪರೀಕ್ಷೆಗೆಂದು ಇದನ್ನು ಬಾಯಿಪಾಠ ಮಾಡಿದ್ದ ನಾನು, ನನ್ನ ಕುರ್ಚಿಯಲ್ಲಿ ಕುಳಿತವರಿಗೆ ಒಮ್ಮೆಯೂ ಹೇಳಿರಲಿಲ್ಲ.

ಹೇಳುವುದಕ್ಕಿಂತ ತೋರಿಸುವುದು ಮೇಲೆಂದು, ಕ್ಯಾಮೆರಾ ಜೋಡಿಸಬಹುದಾದ ಹಳೆಯ ಫೇಸ್ ಕಾಂಟ್ರಾಸ್ಟ್ ಮೈಕ್ರೋಸ್ಕೋಪ್ (ಬಣ್ಣ ಹಾಕದೆಯೇ ಜೀವಂತ ಬ್ಯಾಕ್ಟೀರಿಯಾಗಳನ್ನು ಕಾಣಿಸುವಂಥದ್ದು) ಒಂದನ್ನು ಕೊಂಡೆ. ಅದರ ಮುಂದೆ ಮೊದಲು ಕುಳಿತವರಲ್ಲಿ ನಿವೃತ್ತ ಮೇಷ್ಟರೊಬ್ಬರು ಇದ್ದರು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 8.9, ದಿನವೂ ಊಟದ ಮೇಲೆ ಎಲೆಯಡಿಕೆ. ಕೆಳಗಿನ ಬಲ ದವಡೆಯಲ್ಲಿ, ಹಲ್ಲು ಮತ್ತು ವಸಡಿನ ನಡುವಿನ ಸಂದಿನ ಆಳ ಅಳೆಯುವ ಪ್ರೋಬ್ ಎಂಬ ಕಡ್ಡಿ ಇಳಿಸಿದರೆ, 3 ಮಿ.ಮೀ. ಒಳಗೆ ನಿಲ್ಲಬೇಕಾದದ್ದು ಒಂದು ಕಡೆ 6, ಇನ್ನೊಂದು ಕಡೆ 7 ಮಿ.ಮೀ. ಇಳಿಯಿತು, ಹಿಂದೆಯೇ ರಕ್ತ ಜಿನುಗಿತು. ಆ ಸಂದಿನ ತಳದಿಂದ ಕ್ಯುರೆಟ್ ಎಂಬ ಕೆರೆಯುವ ಉಪಕರಣದ ತುದಿಯಲ್ಲಿ ಸಾಸಿವೆ ಕಾಳಿಗಿಂತಲೂ ಚಿಕ್ಕ ಮುದ್ದೆಯೊಂದನ್ನು ತೆಗೆದು, ಸಲೈನ್ ಹನಿಯಲ್ಲಿ ಕದಡಿ, ಕವರ್ ಸ್ಲಿಪ್ ಮುಚ್ಚಿ, 400 ಪಟ್ಟು ಹಿಗ್ಗಿಸಿ ಪರದೆಗೆ ಹಾಕಿದೆ. ತಿರುಪಿನಂತೆ ಸುತ್ತಿಕೊಂಡ ಸ್ಪೈರೋಕೀಟ್‌ಗಳೆಂಬ ಬ್ಯಾಕ್ಟೀರಿಯಾಗಳು ಹೊರಳುತ್ತ, ಕಡ್ಡಿಯಂಥವು ಅವುಗಳ ನಡುವೆ ನುಗ್ಗುತ್ತ, ಪರದೆಯಿಡೀ ಕುದಿಯುತ್ತಿತ್ತು. ಅವರದೇ ಮುಂದಿನ ಆರೋಗ್ಯವಾದ ಹಲ್ಲಿನಿಂದ ತೆಗೆದ ಮಾದರಿಯಲ್ಲಿ ಬಹುಪಾಲು ದುಂಡನೆಯ, ಅಲುಗಾಡದ ಕೋಶಗಳೇ ಇದ್ದವು. ಮೇಷ್ಟರು ಕನ್ನಡಕ ಸರಿಪಡಿಸಿಕೊಂಡು, "ಇಷ್ಟೂ ನನ್ನ ಬಾಯಿಯೊಳಗಿನವೇ?" ಎಂದು ಕೇಳಿ, ತುಸು ಹೊತ್ತು ಬಾಯಿ ಮುಚ್ಚಿಕೊಂಡೇ ಕುಳಿತರು.

ಮೈಕ್ರೋಸ್ಕೋಪ್ ತೋರಿಸುವ ಸಾಧನವೇ ಹೊರತು ರೋಗ ನಿರ್ಣಯಿಸುವುದಲ್ಲ. ಆ ಕೆಲಸ ಪ್ರೋಬ್ ಮತ್ತು ಎಕ್ಸ್‌ರೇಗಳದ್ದು. 1998ರಲ್ಲಿ ಸೊಕ್ರಾನ್ಸ್ಕಿಯವರ ತಂಡ ಆಳವಾದ ಸಂದುಗಳೊಂದಿಗೆ ತಳುಕು ಹಾಕಿದ 'ಕೆಂಪು ಗುಂಪಿನ' ಮೂರು ಬ್ಯಾಕ್ಟೀರಿಯಾಗಳಲ್ಲಿ ಪ್ರಮುಖವಾದ ಪೊರ್ಫೈರೊಮೊನಾಸ್ ಜಿಂಜಿವಾಲಿಸ್ ಚಲಿಸುವುದೇ ಇಲ್ಲ, ಪರದೆಯಲ್ಲಿ ಅದನ್ನು ಬೆರಳಿಟ್ಟು ತೋರಿಸಲಾಗದು. ಆದರೆ ಮೇಷ್ಟರ ವಿಷಯದಲ್ಲಿ ಅದರ ಸ್ವಭಾವವೊಂದನ್ನು ಹೇಳಲೇಬೇಕಾಯಿತು. ರಕ್ತ ಬರುತ್ತದೆಂದು ಅವರು ಆ ಭಾಗವನ್ನು ಉಜ್ಜುವುದನ್ನೇ ಬಿಟ್ಟಿದ್ದರು. ಈ ಜೀವಿ ಬೆಳೆಯಲು ಬೇಕಾದ ಕಬ್ಬಿಣವನ್ನು ಮುಖ್ಯವಾಗಿ ರಕ್ತದ ಹಿಮೋಗ್ಲೋಬಿನ್ನಿನಿಂದ ಪಡೆಯುತ್ತದೆ. ಬ್ರಷ್ ತಾಗದ, ಗಾಳಿಯಾಡದ ಸಂದಿನಲ್ಲಿ ಜಿನುಗುವ ರಕ್ತ ಅದಕ್ಕೆ ಆಹಾರ. ಜೊತೆಗೆ ಅದು ನಮ್ಮ ರೋಗನಿರೋಧಕ ವ್ಯವಸ್ಥೆಯ ದಾರಿ ತಪ್ಪಿಸುವುದರಿಂದ, ಉರಿಯೂತ ಆರದೆ ಹಾಗೆಯೇ ಉಳಿದು, ಹಲ್ಲನ್ನು ಹಿಡಿದಿರುವ ಎಲುಬನ್ನು ದೇಹವೇ ಕರಗಿಸಿಕೊಳ್ಳುತ್ತದೆ. ಸಕ್ಕರೆ ಹತೋಟಿ ತಪ್ಪಿದ್ದರೆ ಇದೆಲ್ಲ ಇನ್ನೂ ಬೇಗ.

"ಕ್ಲೀನ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತವಂತಲ್ಲ?" ಎಂಬ ಪ್ರಶ್ನೆ ಅವರಿಂದಲೂ ಬಂತು. ಗಟ್ಟಿಯಾದ ಪಾಚಿ ಹಲ್ಲು ಹಲ್ಲುಗಳನ್ನು ಬೆಸುಗೆ ಹಾಕಿದಂತೆ ಹಿಡಿದಿರುತ್ತದೆ, ತೆಗೆದಾಗ ಮೊದಲೇ ಇದ್ದ ಸಡಿಲ ಬಯಲಾಗುತ್ತದೆ, ಹಲ್ಲುಗಳ ನಡುವೆ ಸಂದು ಕಾಣಿಸುತ್ತದೆ, ಕೆಲವು ವಾರ ತಣ್ಣೀರು ಜುಮ್ಮೆನ್ನುತ್ತದೆ ಎಂದು ಮೊದಲೇ ಹೇಳಿಬಿಟ್ಟೆ. ಕೆಲಸ ಮುಗಿದ ಮೇಲೆ ಹೇಳಿದರೆ ಅದು ಸಬೂಬಿನಂತೆ ಕೇಳುತ್ತದೆ.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಎರಡು ಸಿಟ್ಟಿಂಗ್‌ಗಳಲ್ಲಿ ಬೇರಿನ ಮೈಯನ್ನು ಅಲ್ಟ್ರಾಸೋನಿಕ್ ಮತ್ತು ಕೈ ಉಪಕರಣಗಳಿಂದ ಸ್ವಚ್ಛಗೊಳಿಸಿದೆ. ಮಾತ್ರೆ ಬರೆಯಲಿಲ್ಲ, ಜ್ವರವಿದ್ದರೆ ಅಥವಾ ಊತ ಕೆನ್ನೆಗೆ ಹರಡಿದ್ದರೆ ಮಾತ್ರ ಈಗ ಬರೆಯುತ್ತೇನೆ. ಬ್ರಷ್ಷನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿಯುವುದನ್ನೂ ಹಲ್ಲುಗಳ ನಡುವೆ ತೂರಿಸುವ ಸಣ್ಣ ಬ್ರಷ್ಷಿನ ಬಳಕೆಯನ್ನೂ ಕನ್ನಡಿಯೆದುರು ಅವರ ಕೈಯಿಂದಲೇ ಮಾಡಿಸಿದೆ. ಎಂಟು ವಾರಗಳ ನಂತರ 6 ಇದ್ದದ್ದು 4ಕ್ಕೆ ಬಂದಿತ್ತು, ರಕ್ತ ನಿಂತಿತ್ತು, ಅಲ್ಲಿನ ಸ್ಲೈಡಿನಲ್ಲಿ ಹೊರಳಾಟ ಬಹಳ ಕಡಿಮೆಯಾಗಿತ್ತು. 7 ಇದ್ದದ್ದು 6ಕ್ಕಷ್ಟೇ ಇಳಿದಿತ್ತು, ಏಕೆಂದರೆ ಆ ದವಡೆ ಹಲ್ಲಿನ ಬೇರುಗಳು ಕವಲೊಡೆಯುವ ಜಾಗದವರೆಗೂ ಎಲುಬು ಕರಗಿ, ನನ್ನ ಉಪಕರಣ ತಲುಪದ ಗೂಡೊಂದು ಅಲ್ಲಿ ಉಳಿದುಬಿಟ್ಟಿದೆ. ವಸಡನ್ನು ಬಿಡಿಸಿ ಶಸ್ತ್ರಚಿಕಿತ್ಸೆ ಮಾಡುವ ತಜ್ಞರಿಗೆ ಚೀಟಿ ಬರೆದುಕೊಟ್ಟಿದ್ದೇನೆ. ಸಕ್ಕರೆ ಇನ್ನಷ್ಟು ಇಳಿಯಲೆಂದು ಮೇಷ್ಟರು ಕಾಯುತ್ತಿದ್ದಾರೆ.