ಸೊನ್ನೆ, ಒಂದು, ಎರಡು: ದಲಾಲಿ ಅಂಗಡಿಯ ಬ್ಯಾಕಪ್ ಲೆಕ್ಕ

ರಾಯಚೂರಿನ ರಾಜೇಂದ್ರ ಗಂಜಿನ ಒಂದು ದಲಾಲಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುವವನು. ಹತ್ತಿ ಸುಗ್ಗಿಯಲ್ಲಿ ದಿನಕ್ಕೆ ಅರವತ್ತು ಎಪ್ಪತ್ತು ರೈತರ ಪಟ್ಟಿ, ಅಂದರೆ ಮಾರಾಟದ ಬಿಲ್ಲು, ಆಗುತ್ತವೆ. ತೂಕದ ಚೀಟಿ, ಹಮಾಲಿ, ಕೊಟ್ಟ ಮುಂಗಡ ಎಲ್ಲವೂ ಕಂಪ್ಯೂಟರಿನಲ್ಲೇ.

ಮೂರು ವರ್ಷದ ಹಿಂದೆ ಒಂದು ಶನಿವಾರ ಬೆಳಿಗ್ಗೆ ಹಾರ್ಡ್ ಡಿಸ್ಕ್ ಕಟಕಟ ಅಂದು ಸುಮ್ಮನಾಯಿತು. ನಾನು ಹೆದರಲಿಲ್ಲ. ರವಿವಾರ ಪೂರ್ತಿ ಬ್ಯಾಕಪ್, ಆಮೇಲೆ ದಿನಾ ಸಂಜೆ ಅವತ್ತು ಬದಲಾದದ್ದಷ್ಟೇ ಒಂದೊಂದು ಪೆನ್‌ಡ್ರೈವಿಗೆ ತೆಗೆದಿಡುವ ರೂಢಿ ನನ್ನದು. ಬೆವರು ಬಂದದ್ದು ಬುಧವಾರದ ಪೆನ್‌ಡ್ರೈವ್ ಹಾಕಿದಾಗ. ಒಳಗೆ ಮಗಳ ಶಾಲೆಯ ಸೌರಮಂಡಲದ ಚಿತ್ರಗಳಿದ್ದವು. ಹಿಂದಿನ ರಾತ್ರಿ ಅವಳು ಕೇಳಿದಳೆಂದು ಫಾರ್ಮ್ಯಾಟ್ ಮಾಡಿ ಕೊಟ್ಟವನು ನಾನೇ.

"ದಿನಾ ತಗೊಂತಿದ್ದೆಲ್ಲೋ, ಮತ್ತ ಬುಧವಾರ ಎಲ್ಲಿಗೆ ಹೋತು?" ಅಂದರು ಸಾವ್ಕಾರ್ರು. ಕಾರ್ಬನ್ ಪ್ರತಿ ನೋಡಿ ಅಷ್ಟೂ ಪಟ್ಟಿಗಳನ್ನು ಮತ್ತೆ ಟೈಪ್ ಮಾಡಲು ಎರಡು ರಾತ್ರಿ ಹಿಡಿಯಿತು.

ತಪ್ಪು ಪೆನ್‌ಡ್ರೈವಿನದಲ್ಲ, ನನ್ನ ಕ್ರಮದ್ದು. ಪೂರ್ತಿ ಬ್ಯಾಕಪ್ ಅಂದರೆ ದೀಪಾವಳಿಗೆ ಹೊಸ ವಹಿ ತೆರೆದು ಹಳೆಯ ಬಾಕಿಗಳನ್ನೆಲ್ಲ ಎಳೆದು ಬರೆದ ಹಾಗೆ. ಅದರ ಹಿಂದೆ ಇನ್ನೊಂದು ಪುಸ್ತಕ ತೆರೆಯಬೇಕಿಲ್ಲ. ಇಂಕ್ರಿಮೆಂಟಲ್, ಅಂದರೆ ಬದಲಾದದ್ದಷ್ಟೇ ತೆಗೆಯುವ ಬ್ಯಾಕಪ್, ಒಂದು ದಿನದ ಕಿರ್ದಿ ಹಾಳೆ ಇದ್ದ ಹಾಗೆ. ನಡುವಿನ ಒಂದು ಹಾಳೆ ಕಿತ್ತುಹೋದರೆ ಶಿಲ್ಕು ತಾಳೆಯಾಗುವುದಿಲ್ಲ. ನಾನು ಆರು ಬಿಡಿ ಹಾಳೆಗಳ ಮೇಲೆ ಇಡೀ ವಾರವನ್ನು ನಿಲ್ಲಿಸಿದ್ದೆ.

ಅಂಗಡಿಗೆ ಲಿನಕ್ಸ್ (ವಿಂಡೋಸಿನಂಥದೇ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆ) ಹಾಕಿದ ಯಂತ್ರ ಕೂಡಿಸಿಕೊಟ್ಟದ್ದು ನಮ್ಮ ಅಕ್ಕನ ಮಗ. ಪ್ರತಿ ಬ್ಯಾಕಪ್ಪಿಗೂ ಕೊಡುವ ಲೆವೆಲ್ ಅನ್ನುವ ನಂಬರಿನ ಗುಟ್ಟನ್ನು ಅವನೇ ಬಿಡಿಸಿದ. "ಮಾಮಾ, ಸೊನ್ನೆ ಅಂದ್ರ ಪೂರ್ತಿ. ಉಳಿದ ಯಾವ ನಂಬರ್ ಆದ್ರೂ ಒಂದ ಮಾತು: ತನಗಿಂತ ಸಣ್ಣ ನಂಬರಿನ ಬ್ಯಾಕಪ್ ಕಡೀಕ ಯಾವತ್ತ ಆಗಿತ್ತೋ, ಅಲ್ಲಿಂದ ಇಲ್ಲೀತನ ಬದಲಾದದ್ದೆಲ್ಲಾ ತಗೊಂತೈತಿ." ಇದು ಇವತ್ತಿನ ಪದ್ಧತಿಯೇನಲ್ಲ. ಲಿನಕ್ಸಿಗೆ ಮಾದರಿಯಾದ ಯುನಿಕ್ಸಿನ 1975ರ ಆರನೆಯ ಆವೃತ್ತಿಯಲ್ಲೇ ಬ್ಯಾಕಪ್ ತೆಗೆಯುವ ಡಂಪ್ ಅನ್ನುವ ಆಜ್ಞೆ ಇತ್ತು; ಅದರ ಲೆವೆಲ್‌ಗಳು ಸಾಂಪ್ರದಾಯಿಕವಾಗಿ 0ಯಿಂದ 9ರವರೆಗೆ.

'ತನಗಿಂತ ಸಣ್ಣ' ಅನ್ನುವಲ್ಲೇ ಎಲ್ಲರೂ ಎಡವುತ್ತಾರೆ. ಸಮನಾದ ನಂಬರ್ ಲೆಕ್ಕಕ್ಕಿಲ್ಲ. ಸೋಮವಾರ 1, ಮಂಗಳವಾರ 2, ಬುಧವಾರ 3 ಎಂದು ಏರಿಸುತ್ತ ಹೋದರೆ ಪ್ರತಿ ದಿನವೂ ಹಿಂದಿನ ದಿನದಿಂದ ಈಚೆಯದನ್ನು ಮಾತ್ರ ಹಿಡಿಯುತ್ತದೆ. ನನ್ನ ಹಳೆಯ ಕ್ರಮ ಇದೇ: ಬೇಗ ಮುಗಿಯುತ್ತದೆ, ಕೊಂಡಿ ಉದ್ದ. ಸೋಮವಾರದಿಂದ ಶನಿವಾರದವರೆಗೂ 1 ಎಂದೇ ಇಟ್ಟರೆ ಪ್ರತಿ ದಿನವೂ ರವಿವಾರದಿಂದ ಈಚೆಯದೆಲ್ಲ ಬರುತ್ತದೆ. ಇದನ್ನೇ ಹಲವರು ಡಿಫರೆನ್ಷಿಯಲ್ ಅನ್ನುತ್ತಾರೆ. ವಾಪಸ್ ತರಲು ಎರಡೇ ಡಿಸ್ಕ್ ಸಾಕು, ಆದರೆ ವಾರದ ಕೊನೆಗೆ ಬ್ಯಾಕಪ್ ದಪ್ಪವಾಗುತ್ತದೆ.

ನಾನು ಈಗ ನಡುವಿನ ದಾರಿ ಹಿಡಿದಿದ್ದೇನೆ. ರವಿವಾರ 0, ಸೋಮ ಮತ್ತು ಮಂಗಳ 2, ಬುಧವಾರ 1, ಗುರುವಾರದಿಂದ ಶನಿವಾರದವರೆಗೆ ಮತ್ತೆ 2. ಬುಧವಾರದ 1 ರವಿವಾರದಿಂದ ಈಚೆಯದನ್ನೆಲ್ಲ ಹೊತ್ತುಕೊಳ್ಳುವುದರಿಂದ ಸೋಮವಾರ, ಮಂಗಳವಾರದ ಡಿಸ್ಕುಗಳನ್ನು ಯಾರಾದರೂ ಫಾರ್ಮ್ಯಾಟ್ ಮಾಡಿದರೂ ಚಿಂತೆಯಿಲ್ಲ. ಗುರುವಾರದ 2 ಬುಧವಾರದಿಂದ ಈಚೆಯದು, ಶನಿವಾರದ್ದೂ ಬುಧವಾರದಿಂದಲೇ. ಶನಿವಾರ ರಾತ್ರಿ ಯಂತ್ರ ಕೆಟ್ಟರೆ ರವಿವಾರ, ಬುಧವಾರ, ಶನಿವಾರ, ಇದೇ ಸಾಲಿನಲ್ಲಿ ಮೂರು ಡಿಸ್ಕ್ ಹಾಕಬೇಕು. ಸಾಲು ತಪ್ಪಿದರೆ ಹೊಸದರ ಮೇಲೆ ಹಳೆಯದು ಬಂದು ಕೂಡುತ್ತದೆ.

ಫೈಲುಗಳನ್ನೆಲ್ಲ ಒಂದೇ ಗಂಟಾಗಿ ಕಟ್ಟುವ ಟಾರ್ ಅನ್ನುವ ಲಿನಕ್ಸ್ ಆಜ್ಞೆ ಬಳಸುವವರು ಅದರ ಲಿಸ್ಟೆಡ್ ಇಂಕ್ರಿಮೆಂಟಲ್ ಅನ್ನುವ ಆಯ್ಕೆ ನೋಡಿ. ಯಾವ ಫೈಲ್ ಯಾವ ಸ್ಥಿತಿಯಲ್ಲಿತ್ತು ಎಂದು ಅದು ಒಂದು ಸ್ನ್ಯಾಪ್‌ಶಾಟ್ ಫೈಲಿನಲ್ಲಿ ಬರೆದಿಡುತ್ತದೆ. ಆ ಫೈಲ್ ಇಲ್ಲದಿದ್ದರೆ ಪೂರ್ತಿ ಬ್ಯಾಕಪ್ ಆಗುತ್ತದೆ. ಇದ್ದರೆ ಬದಲಾದದ್ದನ್ನಷ್ಟೇ ತೆಗೆದು, ಸ್ನ್ಯಾಪ್‌ಶಾಟನ್ನೇ ತಿದ್ದಿಬಿಡುತ್ತದೆ. ಆದ್ದರಿಂದ ಮೂಲಕ್ಕೆ ಕೈ ಹಚ್ಚಬೇಡಿ. ರವಿವಾರದ ಸ್ನ್ಯಾಪ್‌ಶಾಟಿನ ನಕಲು ಮಾಡಿ ಸೋಮ, ಮಂಗಳ, ಬುಧವಾರ ಆ ನಕಲನ್ನೇ ಕೊಡಿ, ಪ್ರತಿ ದಿನ ಹೊಸ ನಕಲು. ಬುಧವಾರ ಮುಗಿದ ಮೇಲೆ ತಿದ್ದಿದ ನಕಲನ್ನು ಬೇರೆ ಹೆಸರಲ್ಲಿ ಎತ್ತಿಟ್ಟು, ಉಳಿದ ಮೂರು ದಿನ ಅದರ ನಕಲು ಬಳಸಿ. ನಡುವೆ ಕರೆಂಟು ಹೋದರೆ ಅರ್ಧಮರ್ಧ ಆದದ್ದನ್ನೂ ಆ ದಿನದ ನಕಲನ್ನೂ ಅಳಿಸಿ ಮೊದಲಿಂದ ಶುರು ಮಾಡಿದರಾಯಿತು, ಮೂಲ ಭದ್ರವಾಗಿರುತ್ತದೆ.

ವಿಂಡೋಸಿನಲ್ಲಿ ಹಳೆಯ ಪದ್ಧತಿ ಬೇರೆ. ಪ್ರತಿ ಫೈಲಿಗೂ ಆರ್ಕೈವ್ ಅನ್ನುವ ಗುರುತು ಇರುತ್ತದೆ, ಫೈಲ್ ಬದಲಾದರೆ ಅದು ಏಳುತ್ತದೆ. ಪೂರ್ತಿ ಮತ್ತು ಇಂಕ್ರಿಮೆಂಟಲ್ ಅದನ್ನು ಅಳಿಸುತ್ತವೆ, ಡಿಫರೆನ್ಷಿಯಲ್ ಅಳಿಸುವುದಿಲ್ಲ.

ಒಂದು ನಿರಾಸೆಯ ಮಾತು. ಫೈಲ್ ಲೆಕ್ಕದಲ್ಲಿ ನಡೆಯುವ ಇಂಕ್ರಿಮೆಂಟಲ್‌ಗೆ ಫೈಲಿನ ಒಳಗಿನ ಸಾಲು ಕಾಣುವುದಿಲ್ಲ. ಎರಡು ಜಿಬಿಯ ಒಂದೇ ಡೇಟಾ ಫೈಲಿನಲ್ಲಿ ಒಬ್ಬ ರೈತನ ಹೆಸರು ತಿದ್ದಿದರೂ ಎರಡು ಜಿಬಿ ಪೂರ್ತಿ ಮತ್ತೆ ನಕಲಾಗುತ್ತದೆ. ನಮ್ಮಲ್ಲಿ ಪಟ್ಟಿಗಳು ಬಿಡಿ ಬಿಡಿ ಫೈಲುಗಳಾದ್ದರಿಂದ ಉಳಿತಾಯ ಇದೆ. ನಿಮ್ಮದು ಒಂದೇ ದೊಡ್ಡ ಫೈಲ್ ಆಗಿದ್ದರೆ ಲೆವೆಲ್‌ಗಳ ತಲೆನೋವು ಬಿಟ್ಟು ದಿನವೂ ಪೂರ್ತಿ ತೆಗೆಯುವುದೇ ವಾಸಿ. ಯಾವುದೇ ಆದರೂ ಲೆಕ್ಕದ ತಂತ್ರಾಂಶ ಮುಚ್ಚಿ ಆಮೇಲೆ ತೆಗೆಯಿರಿ.

ವಾಪಸ್ ತರುವಾಗ ಖಾಲಿ ಫೋಲ್ಡರಿಗೇ ತನ್ನಿ. ಇಂಕ್ರಿಮೆಂಟಲ್ ಬಿಚ್ಚುವಾಗ ಟಾರ್, ಬ್ಯಾಕಪ್ ತೆಗೆದ ಹೊತ್ತಿಗೆ ಆ ಫೋಲ್ಡರಿನಲ್ಲಿ ಇಲ್ಲದಿದ್ದ ಫೈಲುಗಳನ್ನು ಅಳಿಸುತ್ತದೆ. ಕೆಲಸ ನಡೆಯುತ್ತಿರುವ ಫೋಲ್ಡರಿನ ಮೇಲೆಯೇ ಬಿಚ್ಚಿದರೆ ಇವತ್ತಿನ ಹೊಸ ಪಟ್ಟಿಗಳೂ ಅದರ ಜೊತೆಗೇ ಹೋದಾವು. ತಿಂಗಳಿಗೊಮ್ಮೆ ನಾನು ಹಳೆಯ ಕಂಪ್ಯೂಟರಿನಲ್ಲಿ ಮೂರೂ ಡಿಸ್ಕ್ ಬಿಚ್ಚಿ, ಯಾವುದಾದರೂ ಒಂದು ಪಟ್ಟಿ ತೆರೆದು ಕಾರ್ಬನ್ ಪ್ರತಿಯ ಜೊತೆ ತೂಕ ಹೊಂದಿಸಿ ನೋಡುತ್ತೇನೆ.

ರವಿವಾರದ ಡಿಸ್ಕ್ ಮನೆಯ ಕಪಾಟಿನಲ್ಲಿ ಇರುತ್ತದೆ, ಉಳಿದವು ಗಲ್ಲಾಪೆಟ್ಟಿಗೆಯ ಪಕ್ಕ. ಬುಧವಾರದ್ದಕ್ಕೆ ಚೀಲ ಹೊಲೆಯುವ ದಾರ ಸುತ್ತಿ ಗಂಟು ಹಾಕಿದ್ದೇನೆ. ಮಗಳಿಗೆ ಬೇರೆ ಪೆನ್‌ಡ್ರೈವ್ ಕೊಡಿಸಿದ್ದಾಯಿತು.