ಹಳೆ ನೆಗೆಟಿವ್‌ಗೆ ಯಾವ ಸ್ಕ್ಯಾನರ್ ತಗೋಬೇಕು?

ಮೊದಲು ಬೀರು ತೆಗೆದು ಮನೆಯಲ್ಲಿ ಯಾವ ಅಳತೆಯ ನೆಗೆಟಿವ್ ಇದೆ ನೋಡಿ. ಎರಡೂ ಅಂಚಿನಲ್ಲಿ ಸಾಲಾಗಿ ತೂತುಗಳಿದ್ದು, ಒಂದು ಫ್ರೇಮು 24×36 ಮಿ.ಮೀ. ಇದ್ದರೆ ಅದು 35 ಎಂಎಂ. ತೂತಿಲ್ಲದೆ ಸುಮಾರು 6 ಸೆಂ.ಮೀ. ಅಗಲ ಇದ್ದರೆ ಅದು 120 ಎಂಬ ಅಗಲದ ರೋಲ್ ಫಿಲ್ಮು.

ಬರೀ 35 ಎಂಎಂ ಇದ್ದರೆ ಪ್ಲಸ್‌ಟೆಕ್ ಆಪ್ಟಿಕ್‌ಫಿಲ್ಮ್ ತರಹದ ಫಿಲ್ಮ್ ಸ್ಕ್ಯಾನರ್‌ಗೇ ನನ್ನ ಓಟು. ಚಿತ್ರ ಚೂಪಾಗಿ ಬರುತ್ತದೆ, ಆದರೆ ಒಂದೊಂದೇ ಫ್ರೇಮನ್ನು ಕೈಯಿಂದ ಮುಂದೆ ತಳ್ಳಬೇಕು, ತಾಳ್ಮೆ ಬೇಕು. ಎರಡೂ ಅಳತೆ ಇದ್ದರೆ ಎಪ್ಸನ್ ವಿ600 ತರಹದ ಫ್ಲಾಟ್‌ಬೆಡ್ (ಗಾಜಿನ ಮೇಲೆ ಇಟ್ಟು ಸ್ಕ್ಯಾನ್ ಮಾಡುವ, ಮುಚ್ಚಳದಲ್ಲಿ ಫಿಲ್ಮಿಗೆಂದೇ ದೀಪ ಇರುವ ಯಂತ್ರ) ತಗೊಳ್ಳಿ. ಕಾಗದದ ಮಾಮೂಲಿ ಸ್ಕ್ಯಾನರ್ ಬೇಡ. ಅದರ ಬೆಳಕು ಕೆಳಗಿನಿಂದ ಬಿದ್ದು ವಾಪಸ್ ಬರುತ್ತದೆ, ನೆಗೆಟಿವ್‌ಗೆ ಬೆಳಕು ಫಿಲ್ಮಿನ ಮೂಲಕ ಹಾದು ಬರಬೇಕು ಅಲ್ವಾ?

ಡಬ್ಬಿ ಮೇಲಿನ 6400, 7200 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ನೋಡಿ ಸುಮ್ನೆ ಮರುಳಾಗಬೇಡಿ, ನಿಜವಾಗಿ ಸಿಗುವ ವಿವರ ಅದಕ್ಕಿಂತ ತುಂಬಾ ಕಡಿಮೆ. 2400 ಡಿಪಿಐ ಸರಿಯಾಗಿ ಸಿಕ್ಕರೂ 35 ಎಂಎಂ ಫ್ರೇಮಿಗೆ ಹತ್ತಿರಹತ್ತಿರ 8 ಮೆಗಾಪಿಕ್ಸೆಲ್ ಆಯಿತು, ಆಲ್ಬಮ್ಮಿಗೆ ಧಾರಾಳ.

ದುಡ್ಡು ಜಾಸ್ತಿ ಹಾಕುವುದಾದರೆ ಇನ್‌ಫ್ರಾರೆಡ್ ಇರುವ ಮಾಡೆಲ್‌ಗೆ ಹಾಕಿ. ಪ್ಲಸ್‌ಟೆಕ್ 8100ರಲ್ಲಿ ಅದಿಲ್ಲ, 8200ಐನಲ್ಲಿ ಇದೆ. ಕಲರ್ ನೆಗೆಟಿವ್ ಮೇಲಿನ ಧೂಳು, ಗೀರುಗಳನ್ನು ಅದು ತಾನೇ ಗುರುತಿಸಿ ಅಳಿಸುತ್ತದೆ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಬೆಳ್ಳಿಯೇ ಇನ್‌ಫ್ರಾರೆಡ್ ಬೆಳಕನ್ನು ತಡೆಯುವುದರಿಂದ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಪೆಟ್ಟಿಗೆ ತುಂಬಾ ಅಜ್ಜನ ಕಾಲದ ಕಪ್ಪು-ಬಿಳುಪೇ ಇದ್ದರೆ ಆ ದುಡ್ಡು ಉಳಿಸಿ, ಒಂದು ಗಾಳಿ ಬ್ಲೋವರ್, ಹತ್ತಿ ಕೈಗವಸು ತನ್ನಿ.