ಮಾರಿಗುಡಿಯ ಗೋಡೆಯಿಂದ ಕಾಫಿ ಮಗ್‌ಗೆ

ನಮ್ಮ ಅತ್ತೆಗೆ ಬೆಳಗಿನ ಕಾಫಿ ತಪ್ಪುವ ಹಾಗಿಲ್ಲ. ಅವರ ಮಗ್ ಒಡೆದಾಗ ಶಿರಸಿ ಪೇಟೆಯೆಲ್ಲ ಹುಡುಕಿದೆ. ಒಂದೂ ಮನಸ್ಸಿಗೆ ಬರಲಿಲ್ಲ. ನಾನೇ ಬಣ್ಣ ಹಾಕಿ ಕೊಡೋಣ ಅಂತ ಬಿಳಿ ಸೆರಾಮಿಕ್ ಮಗ್ ತಂದೆ. ಚಿತ್ರ ಎಂಥದ್ದು ಅನ್ನೋದು ಮೊದಲೇ ಗೊತ್ತಿತ್ತು: ಮಾರಿಕಾಂಬಾ ಗುಡಿಯ ಗೋಡೆ ಮೇಲಿನ ಕಾವಿ ಕಲೆ. ಚಿಕ್ಕಂದಿನಿಂದ ಕಣ್ಣಿಗೆ ಕಟ್ಟಿದ ಕೆಂಪು, ಬಿಳಿ.

ಮೊದಲ ಮಗ್‌ಗೆ ಬ್ರಷ್‌ನಲ್ಲಿ ಕೆಂಪು ಹೂವು ಬರೆದೆ. ಚೆನ್ನಾಗಿಯೇ ಇತ್ತು, ಆದರೆ ಕಾವಿ ಅನಿಸಲಿಲ್ಲ. ಮತ್ತೆ ಗುಡಿಗೆ ಹೋಗಿ ಹತ್ತಿರದಿಂದ ನೋಡಿದೆ. ಕಾವಿಯಲ್ಲಿ ಬಿಳಿ ಗೆರೆಯನ್ನು ಯಾರೂ ಬರೆಯುವುದಿಲ್ಲ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬಳಿದು, ಹಸಿ ಇರುವಾಗಲೇ ಮೊನಚು ಉಪಕರಣದಿಂದ ಕೆರೆಯುತ್ತಾರೆ. ಕೆರೆದಲ್ಲಿ ಒಳಗಿನ ಬಿಳಿ ಕಾಣುತ್ತದೆ. ಮಗ್ ಹೇಗೂ ಬಿಳಿ, ಅಲ್ವಾ?

ಎರಡನೆಯದನ್ನು ಸ್ಪಿರಿಟ್‌ನಲ್ಲಿ ಒರೆಸಿದೆ. ಜಿಡ್ಡಿದ್ದರೆ ಬಣ್ಣ ಹಿಡಿಯುವುದಿಲ್ಲ. ತುಟಿ ತಾಗುವ ಅಂಚಿನಿಂದ ಎರಡು ಬೆರಳಷ್ಟು ಜಾಗ ಬಿಟ್ಟೆ. ಒಳಗಂತೂ ಬಣ್ಣ ಹಾಕಲೇಬಾರದು. ಗೋಡೆ ಮೇಲಾದರೆ ಕೈವಾರ ನಡೆಯುತ್ತದೆ, ಉರುಟು ಮಗ್ ಮೇಲೆ ನಡೆಯಲಿಲ್ಲ. ಅದಕ್ಕೆ ದಾರ ಸುತ್ತಿ ಅಳೆದು, ಮೂರು ಸಲ ಮಡಚಿ, ಬಿಟ್ಟ ಅಂಚಿನಲ್ಲಿ ಪೆನ್ಸಿಲ್‌ನಿಂದ ಎಂಟು ಗುರುತು ಮಾಡಿದೆ. ಆಮೇಲೆ ಇಟ್ಟಿಗೆ ಕೆಂಪಿನ ಸೆರಾಮಿಕ್ ಬಣ್ಣ ಬಳಿದೆ. ಕೆರೆಯುವ ಹೊತ್ತು ಹಿಡಿಯುವುದೇ ಕಷ್ಟ. ಬೇಗ ಕೆರೆದರೆ ಗೆರೆ ಕಲಸಿಹೋಗುತ್ತದೆ, ತಡವಾದರೆ ಬಣ್ಣ ಹಕ್ಕಳೆ ಏಳುತ್ತದೆ. ನನಗೆ ಹದಿನೈದು ನಿಮಿಷದ ಹೊತ್ತಿಗೆ ಹದ ಸಿಕ್ಕಿತು. ಗೋಣಿ ಹೊಲಿಯುವ ದಬ್ಬಣದಿಂದ ಗುರುತು ನೋಡಿಕೊಂಡು ಎಸಳು ಎಳೆದೆ. ಆ ಬಿಳಿ ಗೆರೆ ಹೊರಬಂದಾಗ ಆದ ಖುಷಿ ಹೇಳತೀರದು.

ಬಾಟಲಿಯ ಮೇಲೆ ಒಂದು ದಿನ ಒಣಗಿಸಿ ಅಂತಿತ್ತು. ನಮ್ಮ ಮಳೆಗಾಲಕ್ಕೆ ಅದು ಸಾಲದು. ಬಣ್ಣ ಗಟ್ಟಿಯಾಗಲು ಮಗ್ಗನ್ನು ಓವನ್‌ನಲ್ಲಿ ಸುಡಬೇಕು; ಒಂದೇ ದಿನ ಒಣಗಿಸಿ ಸುಟ್ಟ ಒಂದರಲ್ಲಿ ಬಣ್ಣ ಗುಳ್ಳೆ ಎದ್ದಿತು. ಮುಂದಿನದನ್ನು ಮೂರು ದಿನ ಒಲೆ ಪಕ್ಕದ ಬೆಚ್ಚಗಿನ ಗೂಡಿನಲ್ಲಿಟ್ಟೆ. ತಣ್ಣಗಿನ ಓವನ್‌ನಲ್ಲೇ ಮಗ್ ಇಟ್ಟು ಆಮೇಲೆ ಬಿಸಿ ಮಾಡಬೇಕು, ಇಲ್ಲದಿದ್ದರೆ ಸೀಳಬಹುದು. 150 ಡಿಗ್ರಿ ಮುಟ್ಟಿದ ಮೇಲೆ 35 ನಿಮಿಷ. ಓವನ್ ಪೂರ್ತಿ ಆರುವವರೆಗೆ ಬಾಗಿಲು ತೆಗೆಯಲಿಲ್ಲ.

ಅತ್ತೆ ಈಗ ದಿನಾ ಅದರಲ್ಲೇ ಕುಡಿಯುತ್ತಾರೆ. ತೊಳೆಯಲು ಮೆತ್ತನೆಯ ಸ್ಪಂಜು ಮಾತ್ರ, ತೆಂಗಿನ ನಾರು ಬೇಡ ಅಂದಿದ್ದೇನೆ. ಹಿಡಿಕೆಯ ಪಕ್ಕದ ಒಂದು ಎಸಳು ಬೆರಳು ತಾಗಿ ತಾಗಿ ಸವೆದಿದೆ. ಮುಂದಿನ ಮಗ್‌ನಲ್ಲಿ ಆ ಜಾಗ ಬಿಳಿಯಾಗಿಯೇ ಬಿಡುತ್ತೇನೆ.